ಬೆಟ್ಟಗಳನ್ನೇರಿದ ಭಕ್ತ: ಸೈಕಲ್ ವೀರ ಜೀನೊ ಬಾರ್ತಾಲಿ

ನಸುಕಿನಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆಯ ರಸ್ತೆಗಳಲ್ಲಿ ಪ್ರಯಾಣ ಮಾಡಿದವರಿಗೆ ಒಂದು ನೋಟ ಹೊಸದಲ್ಲ. ಎರಡೂ ಬದಿಗೆ ಜೋಳ, ತೊಗರಿಯ ಹೊಲಗಳು. ನಡುವೆ ಬೆನ್ನು ಬಾಗಿಸಿ, ತಲೆ ತಗ್ಗಿಸಿ, ಒಬ್ಬರ ಹಿಂದೊಬ್ಬರು ಸೈಕಲ್ ತುಳಿಯುತ್ತ ಸಾಗುವ ಹುಡುಗ ಹುಡುಗಿಯರು. ವಿಜಯಪುರ ಜಿಲ್ಲೆ ಸೈಕಲ್ ಕ್ರೀಡೆಗೆ ನಾಡಿನಲ್ಲೇ ಹೆಸರಾದುದು. ಒಕ್ಕಲುತನದ ಮನೆಗಳಲ್ಲಿ ಹುಟ್ಟಿ, ರಾಷ್ಟ್ರಮಟ್ಟದ ಸ್ಪರ್ಧೆಗಳಲ್ಲಿ ಪದಕ ಗೆದ್ದು ಬಂದ ಮಕ್ಕಳು ನಮ್ಮ ನೆರೆಹೊರೆಯಲ್ಲೇ ಇದ್ದಾರೆ. ಆ ಮಕ್ಕಳ ತಂದೆತಾಯಿಗಳ ಮನಸ್ಸಿನಲ್ಲಿ ಹೆಮ್ಮೆಯಿರುವಂತೆಯೇ ಭಯವೂ ಇದೆ. ಲಾರಿ, ಬಸ್ಸುಗಳು ಓಡಾಡುವ ರಸ್ತೆಯಲ್ಲಿ ಮಗನಿಗೆ ಏನಾದೀತೋ ಎಂಬ ಭಯ ಒಂದು. ಆಟದ ಹುಚ್ಚಿನಲ್ಲಿ ಓದು, ಮನೆ, ದೇವರು ಎಲ್ಲವನ್ನೂ ಮರೆತಾನೋ ಎಂಬ ಭಯ ಇನ್ನೊಂದು.

ಈ ಎರಡೂ ಭಯಗಳನ್ನು ಅನುಭವಿಸಿದ ಒಂದು ಬಡ ಕಥೋಲಿಕ ಮನೆತನ ಇಟಲಿ ದೇಶದಲ್ಲಿತ್ತು. ಮೊದಲನೆಯ ಭಯ ಆ ಮನೆಯಲ್ಲಿ ನಿಜವೇ ಆಯಿತು, ಎರಡನೆಯದು ಸುಳ್ಳಾಯಿತು. ಆ ಮನೆಯ ಮಗನೇ ಜೀನೊ ಬಾರ್ತಾಲಿ. ಜಗತ್ತಿನ ಅತಿ ಕಠಿಣವಾದ ಸೈಕಲ್ ಸ್ಪರ್ಧೆಯನ್ನು ಎರಡು ಬಾರಿ ಗೆದ್ದ ಈತ, ಅದಕ್ಕಿಂತಲೂ ಕಠಿಣವಾದ ಇನ್ನೊಂದು ಓಟವನ್ನು ಯಾರಿಗೂ ತಿಳಿಯದಂತೆ ಓಡಿದನು. ಈ ವಾರ ಆತನ ಜೀವನವನ್ನು ನಮ್ಮ ಓದುಗರ ಮುಂದಿಡಲು ಬಯಸುತ್ತೇವೆ.

ಬಡತನದಲ್ಲಿ ಅರಳಿದ ಬಾಲ್ಯ

ಇಟಲಿಯ ತಸ್ಕಾನಿ ಪ್ರಾಂತ್ಯದಲ್ಲಿ ಫ್ಲಾರೆನ್ಸ್ ಎಂಬ ಪ್ರಸಿದ್ಧ ನಗರವಿದೆ. ಅದರ ಸಮೀಪದ ಪೊಂತೆ ಆ ಎಮಾ ಎಂಬ ಹಳ್ಳಿಯಲ್ಲಿ 1914ರ ಜುಲೈ 18ರಂದು ಜೀನೊ ಜನಿಸಿದನು. ತಂದೆ ತೊರೆಲ್ಲೊ ಕೂಲಿ ಮಾಡಿ ಸಂಸಾರ ಸಾಗಿಸುತ್ತಿದ್ದವರು. ತಾಯಿಯ ಹೆಸರು ಜೂಲಿಯಾ. ಇಬ್ಬರು ಅಕ್ಕಂದಿರು, ಜೂಲಿಯೊ ಎಂಬ ಒಬ್ಬ ತಮ್ಮ. ಮನೆಯಲ್ಲಿ ಸಿರಿತನವಿರಲಿಲ್ಲ, ಆದರೆ ಪ್ರಾರ್ಥನೆ ಮತ್ತು ದುಡಿಮೆಗಳಿಗೆ ಕೊರತೆಯಿರಲಿಲ್ಲ. ಶಾಲೆಯ ಓದಿನಲ್ಲಿ ಜೀನೊ ಅಷ್ಟೇನೂ ಮುಂದಿರಲಿಲ್ಲ. ಹದಿಮೂರರ ಸುಮಾರಿಗೆ ಊರಿನ ಸೈಕಲ್ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದನು. ಚಕ್ರದ ಕಡ್ಡಿ ಬಿಗಿಯುವುದು, ಪಂಕ್ಚರ್ ಹಾಕುವುದು, ಚೈನಿಗೆ ಎಣ್ಣೆ ಬಿಡುವುದು ಇವೇ ಆತನ ಮೊದಲ ಪಾಠಗಳು. ಸೈಕಲ್ಲಿನ ಒಂದೊಂದು ಅಂಗವನ್ನೂ ಕೈಯಾರೆ ಬಿಚ್ಚಿ ಜೋಡಿಸಿ ಕಲಿತ ಈ ವಿದ್ಯೆ ಮುಂದೆ ಆತನಿಗೆ ಎಂಥ ಕೆಲಸಕ್ಕೆ ಬಂದಿತೆಂಬುದನ್ನು ಓದುಗರು ಮುಂದೆ ಕಾಣುವರು.

ಅಂಗಡಿಯ ಮಾಲೀಕ ಒಸ್ಕಾರ್ ಕಾಸಮೊಂತಿ ಸ್ವತಃ ಸೈಕಲ್ ಸ್ಪರ್ಧೆಗಳಲ್ಲಿ ಆಸಕ್ತನಾಗಿದ್ದನು. ತನ್ನೊಡನೆ ಗುಡ್ಡದ ರಸ್ತೆಗಳಲ್ಲಿ ಬರುತ್ತಿದ್ದ ಈ ಹುಡುಗ ದೊಡ್ಡವರನ್ನೂ ಹಿಂದೆ ಹಾಕುವುದನ್ನು ಕಂಡು, ಇವನನ್ನು ಸ್ಪರ್ಧೆಗೆ ಬಿಡಬೇಕೆಂದು ತಂದೆಯನ್ನು ಒತ್ತಾಯಿಸಿದನು. ತೊರೆಲ್ಲೊ ಸುಲಭವಾಗಿ ಒಪ್ಪಲಿಲ್ಲ. ಮಗನ ಜೀವಕ್ಕೆ ಅಪಾಯವಾದೀತೆಂಬ ಅಂಜಿಕೆ ಅವರದು. ಕಡೆಗೆ ಒಪ್ಪಿಗೆ ದೊರೆಯಿತು. ಎಳೆವಯಸ್ಸಿನಿಂದಲೇ ಜೀನೊ ಕಥೋಲಿಕ ಕ್ರಿಯಾ ಸಂಘದ ಸದಸ್ಯನಾಗಿದ್ದನು. ಶ್ರೀಸಾಮಾನ್ಯ ವಿಶ್ವಾಸಿಗಳು ತಮ್ಮ ನಿತ್ಯದ ಬದುಕಿನಲ್ಲಿ ಕ್ರಿಸ್ತನ ಬೋಧೆಯನ್ನು ಆಚರಿಸಬೇಕೆಂಬ ಉದ್ದೇಶದಿಂದ ಕಟ್ಟಿದ ಸಂಘವದು. ಆ ಸಂಘದ ಬಿಲ್ಲೆಯನ್ನು ಎದೆಯ ಮೇಲೆ ಧರಿಸಲು ಆತ ಎಂದೂ ನಾಚಲಿಲ್ಲ.

ವಿಜಯ ಮತ್ತು ವಿಯೋಗ

1935ರಲ್ಲಿ ಬಾರ್ತಾಲಿ ವೃತ್ತಿಪರ ಸ್ಪರ್ಧಾಳುವಾದನು. ಅದೇ ವರ್ಷ ಇಟಲಿಯ ರಾಷ್ಟ್ರೀಯ ಚಾಂಪಿಯನ್ ಪದವಿ ಆತನದಾಯಿತು. ಇಲ್ಲಿ ನಮ್ಮ ಓದುಗರಿಗೆ ಎರಡು ಮಾತು ತಿಳಿಸಬೇಕು. ಐರೋಪ್ಯ ದೇಶಗಳಲ್ಲಿ ವಾರಗಟ್ಟಲೆ ನಡೆಯುವ ಸೈಕಲ್ ಸ್ಪರ್ಧೆಗಳಿವೆ. ಅವುಗಳಲ್ಲಿ ಹಿರಿಯದು 1903ರಲ್ಲಿ ಆರಂಭವಾದ ಫ್ರಾನ್ಸ್ ಪ್ರದಕ್ಷಿಣೆ. ಎರಡನೆಯದು 1909ರಲ್ಲಿ ಆರಂಭವಾದ ಇಟಲಿ ಪ್ರದಕ್ಷಿಣೆ. ದಿನಕ್ಕೊಂದು ಹಂತದಂತೆ ಊರಿಂದ ಊರಿಗೆ ಓಟ ಸಾಗುತ್ತದೆ. ಎಲ್ಲ ಹಂತಗಳ ಸಮಯವನ್ನು ಕೂಡಿಸಿದಾಗ ಯಾರ ಒಟ್ಟು ಸಮಯ ಕಡಿಮೆಯೋ ಆತನೇ ವಿಜೇತ. ಮುಂಚೂಣಿಯಲ್ಲಿರುವವನು ಫ್ರಾನ್ಸಿನಲ್ಲಿ ಹಳದಿ ಅಂಗಿಯನ್ನೂ ಇಟಲಿಯಲ್ಲಿ ಗುಲಾಬಿ ಅಂಗಿಯನ್ನೂ ಧರಿಸುತ್ತಾನೆ. ಆ ಕಾಲದಲ್ಲಿ ಬೆಟ್ಟದ ರಸ್ತೆಗಳಿಗೆ ಡಾಂಬರು ಇರಲಿಲ್ಲ. ಕಲ್ಲು, ಧೂಳು, ಕೆಸರು ತುಂಬಿದ ದಾರಿಯಲ್ಲಿ ಹೆಚ್ಚುವರಿ ಟಯರುಗಳನ್ನು ಹೆಗಲಿಗೆ ಸುತ್ತಿಕೊಂಡು ಸ್ಪರ್ಧಿಗಳು ಓಡುತ್ತಿದ್ದರು. ಸರಪಳಿಯನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಗೇರಿನ ಸಾಧನವನ್ನು ಫ್ರಾನ್ಸ್ ಪ್ರದಕ್ಷಿಣೆಯಲ್ಲಿ ಬಳಸಲು ಅನುಮತಿ ದೊರೆತುದೇ 1937ರಲ್ಲಿ.

1936ರಲ್ಲಿ, ತನ್ನ ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಬಾರ್ತಾಲಿ ಇಟಲಿ ಪ್ರದಕ್ಷಿಣೆಯನ್ನು ಗೆದ್ದನು. ಮನೆಯಲ್ಲಿ ಹಬ್ಬದ ಸಂಭ್ರಮ. ಆ ಸಂಭ್ರಮ ಕೆಲವೇ ದಿನ ಉಳಿಯಿತು. ಅದೇ ಜೂನ್ ತಿಂಗಳಿನಲ್ಲಿ, ಅಣ್ಣನ ಹೆಜ್ಜೆಯಲ್ಲೇ ನಡೆದು ಸ್ಪರ್ಧೆಯೊಂದರಲ್ಲಿ ಪಾಲ್ಗೊಂಡಿದ್ದ ತಮ್ಮ ಜೂಲಿಯೊ ಕಾರಿಗೆ ಡಿಕ್ಕಿ ಹೊಡೆದು ತೀವ್ರವಾಗಿ ಗಾಯಗೊಂಡು ಮರಣವನ್ನಪ್ಪಿದನು. ತಂದೆ ಯಾವುದಕ್ಕೆ ಅಂಜಿದ್ದರೋ ಅದೇ ನಡೆದುಹೋಯಿತು. ಜೀನೊ ಸೈಕಲ್ಲನ್ನು ಮೂಲೆಗಿಟ್ಟನು; ಇನ್ನು ಸ್ಪರ್ಧೆಯೇ ಬೇಡವೆಂದು ನಿರ್ಧರಿಸಿದನು. ತನ್ನನ್ನು ನೋಡಿಯೇ ತಮ್ಮ ಈ ದಾರಿ ಹಿಡಿದನೆಂಬ ಕೊರಗು ಎಂಥ ಅಣ್ಣನನ್ನೂ ನುಂಗಿಬಿಡುವಂಥದು. ಆಪ್ತರ ಸಾಂತ್ವನ ಮತ್ತು ಪ್ರಾರ್ಥನೆ ಆತನನ್ನು ಮತ್ತೆ ರಸ್ತೆಗೆ ಕರೆತಂದವು. ಅದೇ ವರ್ಷದ ಶರತ್ಕಾಲದಲ್ಲಿ ಲೊಂಬಾರ್ದಿಯ ಮಹಾಸ್ಪರ್ಧೆಯನ್ನು ಆತ ಗೆದ್ದನು. ಮುಂದೆ ಆತ ಕಾರ್ಮೆಲ್ ಸಭೆಯ ತೃತೀಯ ಶಾಖೆಗೆ ಸೇರಿದನು. ಸಂಸಾರದಲ್ಲಿದ್ದುಕೊಂಡೇ ಆ ಸಭೆಯ ಆತ್ಮಿಕ ನಿಯಮಗಳನ್ನು ಪಾಲಿಸುವ ಶ್ರೀಸಾಮಾನ್ಯರ ಶಾಖೆಯದು. ಬಾಲಯೇಸುವಿನ ಸಂತ ತೆರೇಸಮ್ಮನವರಲ್ಲಿ ಆತನಿಗೆ ವಿಶೇಷ ಭಕ್ತಿ. ತನ್ನ ಮನೆಯಲ್ಲೇ ಆ ಸಂತಳ ಹೆಸರಿನಲ್ಲಿ ಪುಟ್ಟ ಪ್ರಾರ್ಥನಾಲಯವನ್ನು ಮಾಡಿಸಿಕೊಂಡಿದ್ದನು. ಸ್ಪರ್ಧೆಯ ದಿನಗಳಲ್ಲೂ ಬಲಿಪೂಜೆಯನ್ನು ತಪ್ಪಿಸದಿರುವುದು ಆತನ ರೂಢಿ. ಪತ್ರಿಕೆಗಳು ಆತನನ್ನು ಭಕ್ತ ಜೀನೊ ಎಂದು ಕರೆಯತೊಡಗಿದವು. ಕೆಲವರು ಪ್ರೀತಿಯಿಂದ, ಕೆಲವರು ಗೇಲಿಯಿಂದ.

ಸರ್ವಾಧಿಕಾರಿಗೆ ಸಲ್ಲದ ಹೂಗುಚ್ಛ

1937ರಲ್ಲಿ ಇಟಲಿ ಪ್ರದಕ್ಷಿಣೆಯನ್ನು ಮತ್ತೊಮ್ಮೆ ಗೆದ್ದ ಬಾರ್ತಾಲಿ, ಅದೇ ವರ್ಷ ಫ್ರಾನ್ಸಿಗೆ ಹೋದನು. ಆಲ್ಪ್ಸ್ ಪರ್ವತಗಳಲ್ಲಿ ಹಳದಿ ಅಂಗಿ ಆತನ ಮೈಮೇಲೇರಿತು. ಆದರೆ ಸೇತುವೆಯೊಂದರ ಮೇಲೆ ಆಯತಪ್ಪಿ ತಣ್ಣೀರಿನ ಹೊಳೆಗೆ ಬಿದ್ದನು. ಒದ್ದೆ ಮೈಯಲ್ಲೇ, ಗಾಯಗಳೊಂದಿಗೇ ಮುಂದೆ ಸಾಗಿದನಾದರೂ ಕೆಲವು ದಿನಗಳಲ್ಲಿ ಸ್ಪರ್ಧೆಯಿಂದ ಹೊರಬರಬೇಕಾಯಿತು.

ಮರುವರ್ಷ, 1938ರಲ್ಲಿ, ಆತನನ್ನು ಫ್ರಾನ್ಸಿಗೆ ಕಳಿಸುವುದರಲ್ಲಿ ಇಟಲಿಯ ಆಳರಸರಿಗೆ ಸ್ವಾರ್ಥವಿತ್ತು. ಅಂದು ಆ ದೇಶ ಮುಸೊಲಿನಿಯ ಫ್ಯಾಸಿಸ್ಟ್ ಆಡಳಿತದಲ್ಲಿತ್ತು. ಇಟಲಿಯವನ ಗೆಲುವು ಫ್ಯಾಸಿಸಂನ ಗೆಲುವೆಂದು ಡಂಗುರ ಸಾರುವ ಹಂಬಲ ಅವರದು. ಇಜೊಆರ್ ಎಂಬ, 2,300 ಮೀಟರಿಗೂ ಎತ್ತರದ ಕಣಿವೆದಾರಿಯನ್ನು ಏರಿಳಿದು ಬ್ರಿಯಾನ್ಸೊಂ ಪಟ್ಟಣ ತಲಪುವ ಹಂತದಲ್ಲಿ ಬಾರ್ತಾಲಿ ಎಲ್ಲರನ್ನೂ ಹಿಂದಿಕ್ಕಿದನು. ಪ್ಯಾರಿಸ್ ಮುಟ್ಟುವ ಹೊತ್ತಿಗೆ ಎರಡನೆಯ ಸ್ಥಾನದವನಿಗಿಂತ 18 ನಿಮಿಷಗಳಿಗೂ ಹೆಚ್ಚು ಮುಂದಿದ್ದನು. ವಿಜಯವನ್ನು ಸರ್ವಾಧಿಕಾರಿಗೆ ಅರ್ಪಿಸುವುದು ಆಗಿನ ವಾಡಿಕೆ. ಬಾರ್ತಾಲಿ ಹಾಗೆ ಮಾಡಲಿಲ್ಲ. ತನಗೆ ದೊರೆತ ಹೂಗುಚ್ಛವನ್ನು ಪ್ಯಾರಿಸ್ಸಿನ ವಿಜಯಮಾತೆಯ ದೇವಾಲಯಕ್ಕೆ ಕೊಂಡೊಯ್ದು ಕನ್ಯಾಮರಿಯಮ್ಮನವರ ಪಾದದಡಿ ಇರಿಸಿದನು. ಬಾಯಿಬಿಟ್ಟು ವಿರೋಧದ ಒಂದು ಮಾತನ್ನೂ ಆಡಲಿಲ್ಲ. ಆದರೆ ಯಾರಿಗೆ ತಲೆಬಾಗಬೇಕು, ಯಾರಿಗೆ ಬಾಗಬಾರದು ಎಂಬುದು ಆತನಿಗೆ ಸ್ಪಷ್ಟವಾಗಿತ್ತು.

1939 ಮತ್ತು 1940ರಲ್ಲಿ ಮಿಲಾನ್–ಸಾನ್ ರೆಮೊ ಸ್ಪರ್ಧೆ ಆತನದಾಯಿತು. 1940ರ ಇಟಲಿ ಪ್ರದಕ್ಷಿಣೆಯಲ್ಲಿ ಮಾತ್ರ ವಿಧಿ ಬೇರೆಯೇ ಆಟ ಹೂಡಿತು. ರಸ್ತೆಗೆ ಅಡ್ಡಬಂದ ನಾಯಿಗೆ ಡಿಕ್ಕಿ ಹೊಡೆದು ಬಾರ್ತಾಲಿ ಬಿದ್ದನು. ಆತನದೇ ತಂಡದಲ್ಲಿ ಸಹಾಯಕನಾಗಿ ಬಂದಿದ್ದ ಇಪ್ಪತ್ತು ವರ್ಷದ ತರುಣನೊಬ್ಬ ಮುಂದೆ ಬಂದನು. ಆತನೇ ಫೌಸ್ತೊ ಕೊಪ್ಪಿ. ನಾಯಕನಾಗಿದ್ದ ಬಾರ್ತಾಲಿ ಆ ತರುಣನಿಗೆ ಬೆಟ್ಟಗಳಲ್ಲಿ ನೆರವಾಗಿ ಗೆಲ್ಲಿಸಿದನು. ಅದೇ ವರ್ಷ ನವೆಂಬರ್ 14ರಂದು ಆದ್ರಿಯಾನಾ ಬಾನಿ ಎಂಬ ಕನ್ಯೆಯೊಡನೆ ಬಾರ್ತಾಲಿಯ ವಿವಾಹ ನಡೆಯಿತು. ವಿವಾಹ ಸಂಸ್ಕಾರವನ್ನು ನೆರವೇರಿಸಿದವರು ಫ್ಲಾರೆನ್ಸಿನ ಮಹಾಧರ್ಮಾಧ್ಯಕ್ಷರಾದ ಕಾರ್ಡಿನಲ್ ಎಲಿಯಾ ದಲ್ಲಾ ಕೋಸ್ತಾ. ಅಷ್ಟರಲ್ಲಿ ಯುದ್ಧ ಆರಂಭವಾಗಿತ್ತು.

ಸೈಕಲ್ಲಿನ ಕೊಳವೆಯಲ್ಲಿ ಅಡಗಿದ ಪ್ರಾಣಗಳು

1943ರ ಸೆಪ್ಟೆಂಬರಿನಲ್ಲಿ ಇಟಲಿ ಮಿತ್ರರಾಷ್ಟ್ರಗಳೊಡನೆ ಕದನವಿರಾಮ ಮಾಡಿಕೊಂಡ ಕೂಡಲೇ ಜರ್ಮನಿಯ ನಾತ್ಸಿ ಸೇನೆ ದೇಶದ ಉತ್ತರ ಮತ್ತು ಮಧ್ಯಭಾಗಗಳನ್ನು ವಶಪಡಿಸಿಕೊಂಡಿತು. ಯೆಹೂದಿಗಳ ಬೇಟೆ ಆರಂಭವಾಯಿತು. ಹೆಂಗಸರು, ಮಕ್ಕಳು, ಮುದುಕರೆನ್ನದೆ ಹಿಡಿದು ಸಾವಿನ ಶಿಬಿರಗಳಿಗೆ ಸಾಗಿಸತೊಡಗಿದರು. ಇಂಥವರನ್ನು ಕಾಪಾಡಲು ಫ್ಲಾರೆನ್ಸಿನಲ್ಲಿ ಯೆಹೂದಿ ಧರ್ಮಗುರು ನಾಥನ್ ಕಸ್ಸೂತೊ ಮತ್ತು ಕಾರ್ಡಿನಲ್ ದಲ್ಲಾ ಕೋಸ್ತಾ ಕೈಜೋಡಿಸಿದರು. ಮಠಗಳು, ಕನ್ಯಾಮಠಗಳು ಗುಟ್ಟಾಗಿ ಬಾಗಿಲು ತೆರೆದವು. ಸಂತ ಫ್ರಾನ್ಸಿಸರ ಊರಾದ ಅಸ್ಸಿಸಿಯಲ್ಲಿ ಧರ್ಮಾಧ್ಯಕ್ಷ ನಿಕೊಲೀನಿಯವರ ಆಶ್ರಯದಲ್ಲಿ ಫ್ರಾನ್ಸಿಸ್ಕನ್ ಗುರು ರುಫೀನೊ ನಿಕ್ಕಾಚ್ಚಿ ಮತ್ತು ಸಂಗಡಿಗರು ನೂರಾರು ಜನರನ್ನು ಬಚ್ಚಿಟ್ಟರು. ಅಲ್ಲಿ ಲುಯೀಜಿ ಬ್ರೀಜಿ ಎಂಬ ಮುದ್ರಕ ತನ್ನ ಮಗನೊಡನೆ ಸೇರಿ ಸುಳ್ಳು ಗುರುತುಪತ್ರಗಳನ್ನು ಅಚ್ಚು ಮಾಡುತ್ತಿದ್ದನು. ಆ ಪತ್ರವಿದ್ದ ಯೆಹೂದಿ ಕಾವಲುಗಾರರ ಕಣ್ಣಿಗೆ ಕ್ರೈಸ್ತನಾಗಿ ಕಾಣಿಸಿಕೊಂಡು ಬದುಕುಳಿಯಬಹುದಿತ್ತು.

ಪತ್ರಕ್ಕೆ ಬೇಕಾದ ಭಾವಚಿತ್ರಗಳು ಒಂದೂರಲ್ಲಿ, ಅಚ್ಚುಕೂಟ ಇನ್ನೊಂದೂರಲ್ಲಿ. ಅವನ್ನು ಒಯ್ದು ತರುವವರಾರು? ದಾರಿಯುದ್ದಕ್ಕೂ ತಪಾಸಣೆ. ಯೆರೂಸಲೇಮಿನ ಯಾದ್ ವಶೇಮ್ ಸ್ಮಾರಕ ಸಂಸ್ಥೆ ಮಾನ್ಯ ಮಾಡಿರುವ ವೃತ್ತಾಂತದಂತೆ, ಕಾರ್ಡಿನಲ್ಲರ ಕೋರಿಕೆಯ ಮೇರೆಗೆ ಬಾರ್ತಾಲಿ ಈ ಕೆಲಸಕ್ಕೆ ಒಪ್ಪಿದನು. ಸ್ಪರ್ಧೆಗೆ ಅಭ್ಯಾಸ ಮಾಡುವ ನೆವದಲ್ಲಿ ತನ್ನ ಹೆಸರುಳ್ಳ ಅಂಗಿ ತೊಟ್ಟು ಹೊರಡುವನು. ಸೀಟನ್ನು ಕಳಚಿ, ಚೌಕಟ್ಟಿನ ಟೊಳ್ಳು ಕೊಳವೆಗಳಲ್ಲಿ ಚಿತ್ರಗಳನ್ನೂ ಕಾಗದಗಳನ್ನೂ ಸುರುಳಿ ಸುತ್ತಿ ತುರುಕಿ, ಮತ್ತೆ ಸೀಟು ಬಿಗಿಯುವನು. ಹುಡುಗನಾಗಿದ್ದಾಗ ಅಂಗಡಿಯಲ್ಲಿ ಕಲಿತ ಕೈಚಳಕ ಇಲ್ಲಿ ಪ್ರಾಣ ಉಳಿಸುವ ವಿದ್ಯೆಯಾಯಿತು. ಫ್ಲಾರೆನ್ಸಿನಿಂದ ಅಸ್ಸಿಸಿಗೆ ಸುಮಾರು 175 ಕಿಲೋಮೀಟರ್. ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗಿ ಹಿಂದಿರುಗುವುದಕ್ಕಿಂತ ಸ್ವಲ್ಪವೇ ಕಡಿಮೆ. ಕಾವಲುಗಾರರು ತಡೆದರೆ ಈ ಪ್ರಸಿದ್ಧ ಕ್ರೀಡಾಪಟುವನ್ನು ಕಂಡು ಬೆರಗಾಗಿ ಮಾತಿಗೆ ತೊಡಗುವರು. ಸೈಕಲ್ಲಿನ ಅಂಗಗಳನ್ನು ವೇಗಕ್ಕೆ ತಕ್ಕಂತೆ ಹೊಂದಿಸಿರುವುದರಿಂದ ಅದನ್ನು ಮುಟ್ಟದಂತೆ ಆತ ಕೇಳಿಕೊಳ್ಳುತ್ತಿದ್ದನಂತೆ. ಒಮ್ಮೆ ಯಾರಾದರೂ ಆ ಸೀಟನ್ನು ಎಳೆದು ನೋಡಿದ್ದರೆ ಆತನಿಗೂ, ಚಿತ್ರದಲ್ಲಿದ್ದವರಿಗೂ ಸಾವು ಕಟ್ಟಿಟ್ಟ ಬುತ್ತಿ. ಆಗ ಮನೆಯಲ್ಲಿ ಹೆಂಡತಿ ಮತ್ತು 1941ರಲ್ಲಿ ಹುಟ್ಟಿದ್ದ ಎಳೆಯ ಮಗ ಆಂದ್ರೆಯಾ. ಹೆಂಡತಿಗೂ ಆತ ವಿಷಯ ತಿಳಿಸಿರಲಿಲ್ಲ. ತಿಳಿದಿದ್ದರೆ ಅವಳಿಗೂ ಅಪಾಯ.

ಇದಲ್ಲದೆ ಗೋಲ್ಡನ್‌ಬರ್ಗ್ ಎಂಬ ಯೆಹೂದಿ ಕುಟುಂಬಕ್ಕೆ ಫ್ಲಾರೆನ್ಸಿನಲ್ಲಿ ತನಗೆ ಸೇರಿದ ಜಾಗದಲ್ಲಿ ಆಶ್ರಯ ಕೊಟ್ಟು, ಅನ್ನಾಹಾರಕ್ಕೆ ನೆರವಾದನು. ಆ ಕುಟುಂಬದ ಮಗ ಬದುಕುಳಿದು, ಬಹಳ ವರ್ಷಗಳ ನಂತರ ಸಾಕ್ಷ್ಯ ನುಡಿದನು. 1944ರ ಬೇಸಿಗೆಯಲ್ಲಿ ಫ್ಯಾಸಿಸ್ಟ್ ಪೊಲೀಸರು ಬಾರ್ತಾಲಿಯನ್ನು ಹಿಡಿದು, ಚಿತ್ರಹಿಂಸೆಗೆ ಕುಖ್ಯಾತವಾಗಿದ್ದ ವಿಲ್ಲಾ ತ್ರಿಸ್ತೆ ಎಂಬ ಮನೆಗೆ ಒಯ್ದು ಪ್ರಶ್ನಿಸಿದರು. ಆತ ಬಾಯಿ ಬಿಡಲಿಲ್ಲ. ಕೆಲವು ದಿನಗಳಲ್ಲಿ ಬಿಡುಗಡೆ ದೊರೆಯಿತು. ಆಗಸ್ಟ್ ತಿಂಗಳಲ್ಲಿ ಫ್ಲಾರೆನ್ಸ್ ಸ್ವತಂತ್ರವಾಯಿತು.

ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಬಾರ್ತಾಲಿ ಉಳಿಸಿದವರ ಸಂಖ್ಯೆ ಎಂಟುನೂರೆಂದು ಹಲವೆಡೆ ಬರೆಯಲಾಗಿದೆ. ಅಸ್ಸಿಸಿಯ ಪ್ರಯಾಣಗಳಿಗೆ ಸಾಕಷ್ಟು ಲಿಖಿತ ಆಧಾರವಿಲ್ಲವೆಂದು ಇಟಲಿಯ ಕೆಲವು ಇತಿಹಾಸಕಾರರು ವಾದಿಸಿದ್ದಾರೆ. ಗುಟ್ಟಿನ ಕೆಲಸಕ್ಕೆ ಕಾಗದದ ಲೆಕ್ಕವಿರುವುದು ಅಪರೂಪ. ಮಾಡಿದವನೇ ಮೌನವಹಿಸಿದಾಗ ಇನ್ನೂ ಕಷ್ಟ. ಸಾಕ್ಷಿಗಳ ಹೇಳಿಕೆಗಳನ್ನು ಪರಿಶೀಲಿಸಿದ ಯಾದ್ ವಶೇಮ್ ಸಂಸ್ಥೆ 2013ರಲ್ಲಿ ಬಾರ್ತಾಲಿಗೆ ಜನಾಂಗಗಳ ನಡುವಿನ ನೀತಿವಂತ ಎಂಬ ಗೌರವವನ್ನು ಸಲ್ಲಿಸಿತು. ಕಾರ್ಡಿನಲ್ ದಲ್ಲಾ ಕೋಸ್ತಾ ಅವರಿಗೆ ಈ ಗೌರವ 2012ರಲ್ಲೇ ಸಂದಿತ್ತು. ನೂರೋ, ಎಂಟುನೂರೋ, ಒಂದೇ ಕುಟುಂಬವೋ. ಲೆಕ್ಕ ಎಷ್ಟೇ ಆಗಲಿ, ಪ್ರಾಣವನ್ನು ಒತ್ತೆಯಿಟ್ಟು ನೆರೆಯವನ ಪ್ರಾಣ ಕಾಯಲು ನಿಂತ ಮನಸ್ಸಿನ ತೂಕ ಕಡಿಮೆಯಾಗದು.

ಹತ್ತು ವರ್ಷಗಳ ಬಳಿಕ

ಯುದ್ಧ ಬಾರ್ತಾಲಿಯ ತಾರುಣ್ಯದ ಅತ್ಯುತ್ತಮ ವರ್ಷಗಳನ್ನು ನುಂಗಿತ್ತು. ಆದರೂ 1946ರಲ್ಲಿ ಕೊಪ್ಪಿಯನ್ನು ಕೇವಲ 47 ಸೆಕೆಂಡುಗಳ ಅಂತರದಿಂದ ಸೋಲಿಸಿ ಇಟಲಿ ಪ್ರದಕ್ಷಿಣೆಯನ್ನು ಮೂರನೆಯ ಬಾರಿ ಗೆದ್ದನು. ಇಟಲಿಯ ಜನ ಎರಡು ಪಂಗಡವಾದರು. ಭಕ್ತರು, ಹಳ್ಳಿಗರು ಬಾರ್ತಾಲಿಯ ಕಡೆ. ಹೊಸ ಕಾಲದವರು ಕೊಪ್ಪಿಯ ಕಡೆ. 1947ರಲ್ಲಿ ಪೋಪ್ 12ನೇ ಪಯಸ್ ಅವರು ಕಥೋಲಿಕ ಕ್ರಿಯಾ ಸಂಘದ ಬೃಹತ್ ಸಭೆಯಲ್ಲಿ ಬಾರ್ತಾಲಿಯ ಹೆಸರನ್ನೇ ಎತ್ತಿ, ಸಂತ ಪೌಲರು ಹೇಳುವ ಆತ್ಮಿಕ ಓಟಕ್ಕೆ ಆತನನ್ನು ನಿದರ್ಶನವಾಗಿ ತೋರಿಸಿದರು.

1948ರ ಫ್ರಾನ್ಸ್ ಪ್ರದಕ್ಷಿಣೆಗೆ ಹೊರಟಾಗ ಬಾರ್ತಾಲಿಗೆ 34 ತುಂಬುವುದರಲ್ಲಿತ್ತು. ಈ ಮುದುಕ ಗೆಲ್ಲುವುದುಂಟೇ ಎಂದು ಪತ್ರಿಕೆಗಳು ನಕ್ಕವು. ಜುಲೈ 14ರಂದು ಕಾನ್ ಪಟ್ಟಣದಲ್ಲಿ ವಿಶ್ರಾಂತಿಯ ದಿನ. ಫ್ರಾನ್ಸಿನ ತರುಣ ಲೂಯಿಸೊ ಬೊಬೆಗಿಂತ ಆತ 21 ನಿಮಿಷಗಳಿಗೂ ಹೆಚ್ಚು ಹಿಂದಿದ್ದನು. ಅದೇ ದಿನ ರೋಮಿನಲ್ಲಿ ಸಂಸತ್ ಭವನದ ಹೊರಗೆ ಕಮ್ಯುನಿಸ್ಟ್ ನಾಯಕ ಪಾಲ್ಮೀರೊ ತೊಲ್ಯಾತ್ತಿಯವರ ಮೇಲೆ ತರುಣನೊಬ್ಬ ಗುಂಡು ಹಾರಿಸಿದನು. ಏಪ್ರಿಲ್ ತಿಂಗಳ ಚುನಾವಣೆಯ ಕಹಿ ಇನ್ನೂ ಆರಿರಲಿಲ್ಲ. ಮುಷ್ಕರ, ಗಲಭೆಗಳಿಂದ ಇಟಲಿ ಹೊತ್ತಿ ಉರಿಯತೊಡಗಿತು. ಅಂತರ್ಯುದ್ಧವೇ ನಡೆದೀತೆಂಬ ಭೀತಿ ಹಬ್ಬಿತು. ಆ ರಾತ್ರಿ ಪ್ರಧಾನಮಂತ್ರಿ ಅಲ್ಚೀದೆ ದೆ ಗಾಸ್ಪೆರಿಯವರು ಬಾರ್ತಾಲಿಗೆ ದೂರವಾಣಿ ಕರೆ ಮಾಡಿ, ಗೆಲುವೊಂದು ದೇಶಕ್ಕೆ ನೆಮ್ಮದಿ ತರಬಹುದೆಂಬ ಆಶಯವನ್ನು ತೋಡಿಕೊಂಡರು.

ಮರುದಿನ ಬೆಟ್ಟಗಳಲ್ಲಿ ಚಳಿ, ಮಳೆ, ಕೆಸರು. ಹತ್ತು ವರ್ಷಗಳ ಹಿಂದೆ ಗೆಲುವು ತಂದುಕೊಟ್ಟಿದ್ದ ಅದೇ ಇಜೊಆರ್, ಅದೇ ಬ್ರಿಯಾನ್ಸೊಂ. ಬಾರ್ತಾಲಿ ಒಬ್ಬನೇ ಮುಂದೆ ಸಾಗಿ ಆ ಹಂತವನ್ನು ಗೆದ್ದನು. ಅದರ ಮರುದಿನವೂ ಗೆದ್ದು ಹಳದಿ ಅಂಗಿಯನ್ನು ಧರಿಸಿದನು. ಮುಂದಿನ ಹಂತವೂ ಆತನದೇ. ಪ್ಯಾರಿಸ್ಸಿನಲ್ಲಿ ಎರಡನೆಯವನಿಗಿಂತ 26 ನಿಮಿಷ ಮುಂದಿದ್ದನು. ಮೊದಲ ಗೆಲುವಿಗೂ ಎರಡನೆಯ ಗೆಲುವಿಗೂ ನಡುವೆ ಹತ್ತು ವರ್ಷ. ಫ್ರಾನ್ಸ್ ಪ್ರದಕ್ಷಿಣೆಯ ಇತಿಹಾಸದಲ್ಲಿ ಇಷ್ಟು ದೀರ್ಘ ಅಂತರದ ಬಳಿಕ ಮತ್ತೆ ಗೆದ್ದವರು ಇನ್ನೊಬ್ಬರಿಲ್ಲ. ಇಟಲಿಯ ಬೀದಿಗಳಲ್ಲಿ ಗುಂಪುಗಳು ರೇಡಿಯೊ ಸುತ್ತ ನೆರೆದವು. ತೊಲ್ಯಾತ್ತಿಯವರು ಚೇತರಿಸಿಕೊಂಡು ತಮ್ಮ ಪಕ್ಷದವರಿಗೆ ಶಾಂತಿಯ ಸೂಚನೆಯಿತ್ತರು, ಗಲಭೆ ಅಡಗಿತು. ಬಾರ್ತಾಲಿಯೊಬ್ಬನೇ ಅಂತರ್ಯುದ್ಧವನ್ನು ತಡೆದನೆಂಬುದು ಜನರ ಪ್ರೀತಿ ಕಟ್ಟಿದ ಮಾತು. ಆದರೆ ಒಡೆದ ಮನೆಯವರು ಒಂದೇ ಸುದ್ದಿಗೆ ಒಟ್ಟಾಗಿ ನಕ್ಕ ಆ ದಿನಗಳು ಮಾತ್ರ ನಿಜ.

ಎದುರಾಳಿ ಮತ್ತು ಸೋದರ

ಬಾರ್ತಾಲಿ ದೋಷಗಳಿಲ್ಲದ ಮನುಷ್ಯನಾಗಿರಲಿಲ್ಲ. ಮಾತು ಒರಟು, ಗೊಣಗುವ ಸ್ವಭಾವ, ಎದುರಾಳಿಯ ಬಗೆಗೆ ಸಂದೇಹ. ಕೊಪ್ಪಿ ತಂಗಿದ್ದ ಕೋಣೆಯಲ್ಲಿ ಆತ ಬಿಸಾಡಿದ ಸೀಸೆಗಳನ್ನು ಹುಡುಕಿ, ಏನು ಕುಡಿಯುತ್ತಾನೆಂದು ಪರೀಕ್ಷಿಸುತ್ತಿದ್ದುದೂ ಉಂಟು. 1948ರಲ್ಲಿ ಹಾಲೆಂಡಿನ ವಾಲ್ಕೆನ್‌ಬರ್ಗಿನಲ್ಲಿ ನಡೆದ ವಿಶ್ವ ಚಾಂಪಿಯನ್ ಸ್ಪರ್ಧೆಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತ, ಇನ್ನೊಬ್ಬ ಗೆಲ್ಲದಿದ್ದರೆ ಸಾಕೆಂಬಂತೆ ಹಿಂದುಳಿದು, ಕಡೆಗೆ ಸ್ಪರ್ಧೆಯನ್ನೇ ಬಿಟ್ಟು ಹೊರಬಂದರು. ದೇಶದ ಮಾನ ಕಳೆದ ಈ ವರ್ತನೆಗಾಗಿ ಇಟಲಿಯ ಸೈಕಲ್ ಒಕ್ಕೂಟ ಇಬ್ಬರನ್ನೂ ಅಮಾನತುಗೊಳಿಸಿತು. ಫ್ರಾನ್ಸಿನಲ್ಲಿ ಮಹಾವಿಜಯ ಪಡೆದ ಮರುತಿಂಗಳೇ ಈ ಅವಮಾನ. ಗೆಲುವಿನ ಬೆನ್ನಿಗೇ ಅಹಂಕಾರ ಹೊಂಚುಹಾಕಿರುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಪಾಠ ಬೇಕೆ?

ಆದರೂ ಇಬ್ಬರ ನಡುವೆ ಪತ್ರಿಕೆಗಳು ಕಾಣದ ಒಂದು ಬಂಧವಿತ್ತು. ಅದೇ ವರ್ಷ ಪೋಪರು ಆಶೀರ್ವದಿಸಿದ ಜ್ಯೋತಿಯನ್ನು ಕೋಮೊ ಸರೋವರದ ಬಳಿಯ ಘಿಸಾಲ್ಲೊ ಬೆಟ್ಟದ ಮಾತೆಯ ಗುಡಿಗೆ ಸೈಕಲ್ಲಿನಲ್ಲಿ ಒಯ್ದಾಗ, ಅಂತಿಮ ಹಾದಿಯಲ್ಲಿ ಅದನ್ನು ಹೊತ್ತವರು ಕೊಪ್ಪಿ ಮತ್ತು ಬಾರ್ತಾಲಿ. 1949ರಲ್ಲಿ ಆ ಮಾತೆಯನ್ನು ಸೈಕಲ್ ಸವಾರರ ಪಾಲಕಿಯೆಂದು ಪೋಪರು ಘೋಷಿಸಿದರು. 1949ರ ಫ್ರಾನ್ಸ್ ಪ್ರದಕ್ಷಿಣೆಯಲ್ಲಿ ಇಜೊಆರ್ ಬೆಟ್ಟವನ್ನು ಇಬ್ಬರೂ ಜೊತೆಯಾಗಿ ಏರಿದರು. ಅಂದು ಜುಲೈ 18, ಬಾರ್ತಾಲಿಯ 35ನೆಯ ಹುಟ್ಟುಹಬ್ಬ. ಕೊಪ್ಪಿ ಆ ಹಂತದ ಗೆಲುವನ್ನು ಹಿರಿಯನಿಗೆ ಬಿಟ್ಟುಕೊಟ್ಟನು. ಪ್ಯಾರಿಸ್ಸಿನಲ್ಲಿ ಕೊಪ್ಪಿ ಪ್ರಥಮ, ಬಾರ್ತಾಲಿ ದ್ವಿತೀಯ. 1952ರಲ್ಲಿ ಬೆಟ್ಟವೇರುತ್ತ ಒಬ್ಬ ಇನ್ನೊಬ್ಬನಿಗೆ ನೀರಿನ ಸೀಸೆ ನೀಡುತ್ತಿರುವ ಚಿತ್ರ ಜಗತ್ಪ್ರಸಿದ್ಧವಾಯಿತು. ಕೊಟ್ಟವನಾರು, ಪಡೆದವನಾರು ಎಂದು ಇಟಲಿಯವರು ದಶಕಗಳ ಕಾಲ ಚರ್ಚಿಸಿದರು. ಕೊಟ್ಟವನು ಯಾರೇ ಆಗಲಿ, ಬಾಯಾರಿದವನಿಗೆ ನೀರು ಸಿಕ್ಕಿತಲ್ಲ!

1951ರಲ್ಲಿ ಕೊಪ್ಪಿಯ ತಮ್ಮ ಸೆರ್ಸೆಯೂ ಸ್ಪರ್ಧೆಯೊಂದರಲ್ಲಿ ಬಿದ್ದು ಮರಣಹೊಂದಿದನು. ತಮ್ಮನನ್ನು ಸೈಕಲ್ಲಿಗೆ ಕಳೆದುಕೊಂಡ ನೋವು ಏನೆಂದು ಬಾರ್ತಾಲಿಯಷ್ಟು ಬಲ್ಲವರು ಇನ್ನಾರಿದ್ದರು? 1960ರಲ್ಲಿ ಬಾರ್ತಾಲಿಯ ಮಾರ್ಗದರ್ಶನದ ತಂಡದಲ್ಲಿ ಓಡಲು ಕೊಪ್ಪಿ ಒಪ್ಪಿಕೊಂಡಿದ್ದನು. ಆದರೆ ಆಫ್ರಿಕದ ಪ್ರವಾಸದಲ್ಲಿ ತಗಲಿದ ಮಲೇರಿಯಾದಿಂದ ಆ ವರ್ಷದ ಜನವರಿ 2ರಂದು, ನಲವತ್ತರ ವಯಸ್ಸಿನಲ್ಲೇ, ತೀರಿಕೊಂಡನು.

ಮೌನದಲ್ಲಿ ಮುಗಿದ ಓಟ

1952ರಲ್ಲಿ 38ರ ವಯಸ್ಸಿನಲ್ಲಿ ಬಾರ್ತಾಲಿ ನಾಲ್ಕನೆಯ ಬಾರಿ ರಾಷ್ಟ್ರೀಯ ಚಾಂಪಿಯನ್ ಆದನು. 1953ರಲ್ಲಿ ವಾಹನ ಅಪಘಾತದಲ್ಲಿ ತೀವ್ರವಾಗಿ ಗಾಯಗೊಂಡನು. 1954ರ ನಂತರ ಸ್ಪರ್ಧೆಗಳಿಂದ ನಿವೃತ್ತನಾದನು. ಮೂರು ಇಟಲಿ ಪ್ರದಕ್ಷಿಣೆ, ಎರಡು ಫ್ರಾನ್ಸ್ ಪ್ರದಕ್ಷಿಣೆ, ನಾಲ್ಕು ಮಿಲಾನ್–ಸಾನ್ ರೆಮೊ, ಮೂರು ಲೊಂಬಾರ್ದಿ, ಇಟಲಿ ಪ್ರದಕ್ಷಿಣೆಯಲ್ಲಿ ಏಳು ಬಾರಿ ಬೆಟ್ಟಗಳ ಅಗ್ರ ಪ್ರಶಸ್ತಿ. ಇದು ಆತನ ಗಳಿಕೆ. ಹಣ ಕೂಡಿಡುವುದರಲ್ಲಿ ಆತ ಅಷ್ಟು ಜಾಣನಾಗಿರಲಿಲ್ಲ.

ಯುದ್ಧಕಾಲದ ಕೆಲಸದ ಬಗ್ಗೆ ಆತ ಸಾರ್ವಜನಿಕವಾಗಿ ಮಾತನಾಡಲು ಒಪ್ಪಲಿಲ್ಲ. ಮಗ ಆಂದ್ರೆಯಾನಿಗೆ ಅಲ್ಪಸ್ವಲ್ಪ ತಿಳಿಸಿದರೂ ಬೇರೆಯವರಿಗೆ ಹೇಳಬಾರದೆಂದು ತಾಕೀತು ಮಾಡಿದನು. ಒಳ್ಳೆಯದನ್ನು ಮಾಡಿ ಸುಮ್ಮನಿರಬೇಕು, ಪರರ ಸಂಕಟದಿಂದ ಕೀರ್ತಿ ಗಳಿಸಬಾರದು ಎಂಬುದು ಆತನ ನಿಲುವು. ಬಲಗೈಯ ದಾನ ಎಡಗೈಗೆ ತಿಳಿಯಬಾರದೆಂಬ ಶುಭಸಂದೇಶದ ಬೋಧೆಯನ್ನು ಆತ ಅಕ್ಷರಶಃ ಪಾಲಿಸಿದನು. 2000ದ ಮೇ 5ರಂದು ಫ್ಲಾರೆನ್ಸಿನಲ್ಲಿ ಹೃದಯಾಘಾತದಿಂದ ಬಾರ್ತಾಲಿ ದೇವರ ಸನ್ನಿಧಿ ಸೇರಿದನು. ಹಳದಿ ಅಂಗಿಯನ್ನಾಗಲಿ ಗುಲಾಬಿ ಅಂಗಿಯನ್ನಾಗಲಿ ತೊಡಿಸದೆ, ಕಾರ್ಮೆಲ್ ಸಭೆಯ ಉಡುಪಿನಲ್ಲಿ ಆತನನ್ನು ಹುಟ್ಟೂರಿನಲ್ಲಿ ಮಣ್ಣುಮಾಡಿದರು. 2005ರಲ್ಲಿ ಇಟಲಿಯ ರಾಷ್ಟ್ರಾಧ್ಯಕ್ಷರು ಮರಣೋತ್ತರ ಸುವರ್ಣಪದಕವನ್ನು ಪ್ರಕಟಿಸಿದರು. 2006ರಲ್ಲಿ ಪೊಂತೆ ಆ ಎಮಾದಲ್ಲಿ ಆತನ ಹೆಸರಿನ ಸೈಕಲ್ ಸಂಗ್ರಹಾಲಯ ತೆರೆಯಿತು. 2018ರ ಇಟಲಿ ಪ್ರದಕ್ಷಿಣೆ ಯೆರೂಸಲೇಮಿನಿಂದ ಹೊರಟಾಗ ಅಲ್ಲಿ ಆತನನ್ನು ಸ್ಮರಿಸಲಾಯಿತು.

ನಮ್ಮ ಮನೆಗಳಿಗೆ ಒಂದು ಮಾತು

ಭೀಮೆ, ಕೃಷ್ಣೆಯರ ನಡುವಿನ ಈ ಬಯಲುಸೀಮೆಯಲ್ಲಿ ಕಥೋಲಿಕ ಕುಟುಂಬಗಳು ವಿರಳ. ನಮ್ಮ ಮಕ್ಕಳು ಓದುವುದೂ ಆಡುವುದೂ ಎಲ್ಲ ಮತದವರ ಮಕ್ಕಳೊಡನೆ. ಕಾಯಕದ ಹಿರಿಮೆಯನ್ನು ಸಾರಿದ ಬಸವಣ್ಣನವರ ಜನ್ಮಭೂಮಿ ಬಸವನ ಬಾಗೇವಾಡಿ ನಮ್ಮ ನೆರೆಯಲ್ಲೇ ಇದೆ. ಮೈಮುರಿದು ಮಾಡುವ ದುಡಿಮೆಯೂ ದೇವರ ಸೇವೆಯೆಂಬುದನ್ನು ಇಲ್ಲಿ ಯಾರಿಗೂ ಹೊಸದಾಗಿ ಹೇಳಬೇಕಿಲ್ಲ. ಸೈಕಲ್ ತುಳಿಯುವ ಮಗನಿಗೆ ಆಟ ಬೇಕೋ ದೇವರು ಬೇಕೋ ಎಂದು ಕೇಳುವ ಅಗತ್ಯವಿಲ್ಲವೆಂಬುದನ್ನು ಬಾರ್ತಾಲಿಯ ಬದುಕು ತೋರಿಸಿಕೊಟ್ಟಿದೆ. ಆದಿತ್ಯವಾರ ಸ್ಪರ್ಧೆಯಿದ್ದರೆ ಆತ ಬೆಳಗಿನ ಪೂಜೆಗೆ ಹೋಗಿಯೇ ಹೊರಡುತ್ತಿದ್ದನು. ಎರಡರಲ್ಲಿ ಯಾವುದನ್ನೂ ಬಿಡಲಿಲ್ಲ.

ಇನ್ನು ತಂದೆತಾಯಿಗಳ ಮೊದಲ ಭಯ. ಅದಕ್ಕೆ ಸುಲಭದ ಉತ್ತರ ನಮ್ಮಲ್ಲೂ ಇಲ್ಲ. ಜೂಲಿಯೊನ ತಾಯಿಯ ಕಣ್ಣೀರು ಆರಿತೆಂದು ಹೇಳಲು ನಾವಾರು? ನಮ್ಮಿಂದ ಆಗುವುದಿಷ್ಟೇ. ಮಕ್ಕಳು ತಲೆಗೆ ರಕ್ಷಾಟೋಪಿ ಧರಿಸಿ ಹೊರಡುವಂತೆ ನೋಡಿಕೊಳ್ಳೋಣ. ಕತ್ತಲಲ್ಲಿ ಒಬ್ಬೊಬ್ಬರನ್ನೇ ಕಳಿಸದಿರೋಣ. ನಾವೇ ವಾಹನ ನಡೆಸುವಾಗ ಆ ಎಳೆಯರಿಗೆ ದಾರಿ ಬಿಡೋಣ. ನಾಳೆ ನಸುಕಿನಲ್ಲಿ ಸಿಂದಗಿಯ ರಸ್ತೆಯಲ್ಲೋ ಇಂಡಿಯ ರಸ್ತೆಯಲ್ಲೋ ಬೆನ್ನು ಬಾಗಿಸಿ ಹೋಗುವ ಹುಡುಗನೊಬ್ಬ ಕಂಡರೆ, ಅವನು ಯಾರ ಮನೆಯವನೇ ಆಗಿರಲಿ, ಅವನಿಗಾಗಿ ಒಂದು ನಮೋ ಮರಿಯಾ ಜಪವನ್ನು ಹೇಳಿ ಮುಂದೆ ಸಾಗೋಣ.